ಬಾಗಿಲು ತೆರೆದೇ ಇತ್ತು, ಅವರು ಯಾಕೆ ಬರಲಿಲ್ಲ?

ಹವಾಮಾನ ಬದಲಾವಣೆಗೆ ಜನರನ್ನು ಸಜ್ಜು ಮಾಡುವ ಯೋಜನೆ ಬರೆಯುವವರಿಗೆ, ಅದಕ್ಕೆ ಹಣ ಮಂಜೂರು ಮಾಡುವವರಿಗೆ, ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ನಮ್ಮೆಲ್ಲರ ಪರವಾಗಿ ಕೂತು ಮಾತಾಡುವವರಿಗೆ,

ನಮಸ್ಕಾರ.

ನಾನು ವಿಜ್ಞಾನಿಯಲ್ಲ, ಅಧಿಕಾರಿಯೂ ಅಲ್ಲ. ನಿಮ್ಮಂಥವರು ಬರೆದ ವರದಿಗಳನ್ನು ಕನ್ನಡಕ್ಕೆ ತರುವುದು, ತಿದ್ದುವುದು ನನ್ನ ಕೆಲಸ. ಹಾಗಾಗಿ ಅವುಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಕೆಲವೇ ಜನರಲ್ಲಿ ನಾನೂ ಒಬ್ಬಳು. (ಬರೆದವರೇ ಅಷ್ಟು ಓದಿರಲಿಕ್ಕಿಲ್ಲ ಅನ್ನುವ ಅನುಮಾನ ಆಗಾಗ ಬರುತ್ತದೆ. ಇರಲಿ.) ಕಟ್ಟಿದ ಆಶ್ರಯ ಕೇಂದ್ರ ಎಷ್ಟು, ಹಾಕಿದ ಸೈರನ್ ಎಷ್ಟು, ತರಬೇತಿಗೆ ಬಂದವರು ಎಷ್ಟು, ಎಲ್ಲದಕ್ಕೂ ಒಂದೊಂದು ಕಾಲಂ ಇರುತ್ತದೆ. ಬಾರದೇ ಹೋದವರಿಗೆ ಮಾತ್ರ ಕಾಲಂ ಇರುವುದಿಲ್ಲ. ಈ ಪತ್ರ ಅವರ ಬಗ್ಗೆ.

1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಚಂಡಮಾರುತ ಬಡಿಯಿತು. ಸುಮಾರು 1,38,000 ಜನ ಸತ್ತರು. ಎಚ್ಚರಿಕೆ ಕೊಟ್ಟಿರಲಿಲ್ಲವಾ? ಕೊಟ್ಟಿದ್ದರು. ರೇಡಿಯೊದಲ್ಲಿ ಹೇಳಿದ್ದರು. ಸ್ವಯಂಸೇವಕರು ಊರೂರು ಸುತ್ತಿ ಮೆಗಾಫೋನಿನಲ್ಲಿ ಕೂಗಿದ್ದರು. ಎಲ್ಲರಿಗೂ ಸಾಲುವಷ್ಟು ಅಲ್ಲದಿದ್ದರೂ ಕಾಂಕ್ರೀಟಿನ ಆಶ್ರಯ ಕೇಂದ್ರಗಳೂ ಇದ್ದವು. ಆದರೂ ಬಹಳ ಜನ ಮನೆ ಬಿಟ್ಟು ಹೊರಡಲಿಲ್ಲ. ಸತ್ತವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. 20ರಿಂದ 44 ವಯಸ್ಸಿನವರ ಲೆಕ್ಕ ನೋಡಿ. ಸಾವಿರ ಗಂಡಸರಲ್ಲಿ 15 ಮಂದಿ ಸತ್ತಿದ್ದರೆ, ಸಾವಿರ ಹೆಂಗಸರಲ್ಲಿ 71 ಮಂದಿ. ಬಂದ ಗಾಳಿ ಒಂದೇ, ನುಗ್ಗಿದ ನೀರೂ ಒಂದೇ.

ಯಾಕೆ ಹೀಗಾಯ್ತು ಅಂತ ಆಮೇಲೆ ಉಳಿದವರನ್ನು ಕೇಳಿದರು. ಆ ಉತ್ತರಗಳನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಕೆಲಸ ನಿಲ್ಲಿಸಿ ಸುಮ್ನೆ ಕೂತಿದ್ದೆ. ಆಶ್ರಯ ಕೇಂದ್ರ ಅಂದರೆ ಒಂದೇ ದೊಡ್ಡ ಕೋಣೆ. ಗುರುತಿಲ್ಲದ ಗಂಡಸರ ನಡುವೆ ರಾತ್ರಿಯಿಡೀ ಒತ್ತಿಕೊಂಡು ನಿಲ್ಲಬೇಕು. ಹೆಂಗಸರಿಗೆ ಬೇರೆ ಜಾಗ ಇಲ್ಲ, ಶೌಚಾಲಯ ಇಲ್ಲ. ಗಂಡ ಮನೆಯಲ್ಲಿ ಇಲ್ಲದಿದ್ದರೆ ಹೊರಡುವ ತೀರ್ಮಾನ ಯಾರು ಮಾಡಬೇಕು ಅನ್ನುವ ಪ್ರಶ್ನೆ. ಸೊಂಟದ ಮೇಲೊಂದು ಮಗು, ಕೈ ಹಿಡಿದು ಇನ್ನೊಂದು. ಉಟ್ಟ ಸೀರೆ ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಇನ್ನು ಕೊಟ್ಟಿಗೆಯಲ್ಲಿ ಹಸು. ಆ ಮನೆಗೆ ಬ್ಯಾಂಕು ಅಂತ ಏನಾದರೂ ಇದ್ದರೆ ಅದು ಆ ಹಸು. ಅದನ್ನು ಬಿಟ್ಟು ಹೋಗಿ ಜೀವ ಉಳಿಸಿಕೊಂಡು ಬಂದರೆ ನಾಳೆಯಿಂದ ಬದುಕುವುದು ಯಾವುದರಿಂದ? ಹಿಂದೆ ಎರಡು ಮೂರು ಸಲ ಎಚ್ಚರಿಕೆ ಬಂದು ಏನೂ ಆಗದ ನೆನಪು ಬೇರೆ.

ಇದನ್ನು 'ಅರಿವಿನ ಕೊರತೆ' ಅಂತ ಬರೆದ ವರದಿಗಳನ್ನು ನಾನು ನೋಡಿದ್ದೇನೆ. ಅರಿವು ಅವರಲ್ಲಿ ಚೆನ್ನಾಗೇ ಇತ್ತು. ಅವರು ಕೂತು ಲೆಕ್ಕ ಹಾಕಿದ್ದರು. ಆ ಲೆಕ್ಕದಲ್ಲಿ ನಿಮ್ಮ ಆಶ್ರಯ ಕೇಂದ್ರ ತೂಗಲಿಲ್ಲ, ಅಷ್ಟೇ.

ಖುಷಿಯ ವಿಷಯ ಅಂದರೆ ಬಾಂಗ್ಲಾದೇಶ ಆ ಉತ್ತರಗಳನ್ನು ಕೇಳಿಸಿಕೊಂಡಿತು. ಆಮೇಲೆ ಕಟ್ಟಿದ ಕೇಂದ್ರಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಬಂದವು. ನಡೆಯಲಾಗದವರಿಗೆ ಇಳಿಜಾರು ದಾರಿ ಬಂತು. ದನಕರು ನಿಲ್ಲಿಸಲು ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಇನ್ನಷ್ಟು ಮಣ್ಣಿನ ದಿಬ್ಬ ಹಾಕಿದರು, ಅಲ್ಲಿ ಅದಕ್ಕೆ 'ಕಿಲ್ಲಾ' ಅನ್ನುತ್ತಾರೆ. ಹಲವು ಕೇಂದ್ರಗಳು ಉಳಿದ ದಿನಗಳಲ್ಲಿ ಶಾಲೆಗಳು. ದಿನಾ ಮಕ್ಕಳು ಹೋಗಿಬರುವ ಕಟ್ಟಡಕ್ಕೆ ಆಪತ್ತಿನ ರಾತ್ರಿ ಹೋಗಲು ಯಾರಿಗೂ ಹಿಂಜರಿಕೆ ಇರುವುದಿಲ್ಲ, ಅಲ್ವಾ? 1972ರಲ್ಲಿ ಶುರುವಾದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮದಲ್ಲಿ ಈಗ ಸುಮಾರು 76,000 ಸ್ವಯಂಸೇವಕರಿದ್ದಾರೆ. ಅವರಲ್ಲಿ ಅರ್ಧದಷ್ಟು ಹೆಂಗಸರು. ಅಪಾಯ ಏರಿದ ಹಾಗೆ ಒಂದು, ಎರಡು, ಮೂರು ಬಾವುಟ ಏರಿಸುತ್ತಾರೆ. ಓದು ಬಾರದವರಿಗೂ, ಫೋನ್ ಇಲ್ಲದವರಿಗೂ ಬಾವುಟ ಕಾಣುತ್ತದೆ. ಕೊನೆಗೆ ಬಾಗಿಲು ತಟ್ಟಿ 'ಹೊರಡಿ' ಅನ್ನುವವಳು ಪಕ್ಕದ ಬೀದಿಯ ಪರಿಚಯದ ಹೆಂಗಸು.

1970ರ ಭೋಲಾ ಚಂಡಮಾರುತಕ್ಕೆ 3 ಲಕ್ಷಕ್ಕೂ ಹೆಚ್ಚು ಜನ ಬಲಿಯಾಗಿದ್ದರು. 2007ರ ಸಿಡ್ರ್‌ಗೆ ಬಲಿಯಾದವರು ಸುಮಾರು 3,400. 2020ರಲ್ಲಿ ಅಂಫಾನ್ ಬಂದಾಗ, ಅದೂ ಕೊರೊನಾ ಕಾಲದಲ್ಲಿ, 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸ್ಥಳಾಂತರಿಸಿದರು. ಸಾವುಗಳ ಸಂಖ್ಯೆ ಹತ್ತಾರಕ್ಕೆ ಇಳಿಯಿತು. ಸಮುದ್ರವೇನೂ ಈ ಐವತ್ತು ವರ್ಷದಲ್ಲಿ ಮೆತ್ತಗಾಗಿಲ್ಲ.

ಇಲ್ಲಿ ಒಂದು ಪದದ ತಕರಾರು ಇದೆ, ಭಾಷೆಯ ಕೆಲಸ ಮಾಡುವವಳು ಹೇಳದೇ ಇರಲಾರೆ. ನಿಮ್ಮ ವರದಿಗಳ ಮುಖ್ಯ ಪದ 'ಅಡಾಪ್ಟೇಶನ್' ಅನ್ನು ಕನ್ನಡದಲ್ಲಿ 'ಹೊಂದಾಣಿಕೆ' ಅಂತ ಬರೆಯುತ್ತೇವೆ. ಪ್ರತಿ ಸಲ ಬರೆಯುವಾಗಲೂ ನನಗೆ ಮುಜುಗರ. 'ಸ್ವಲ್ಪ ಹೊಂದ್ಕೊಂಡು ಹೋಗಿ' ಅನ್ನುವ ಮಾತನ್ನು ನಮ್ಮ ಭಾಷೆಯಲ್ಲಿ ಯಾವಾಗಲೂ ಕೈ ಕೆಳಗಿರುವವರಿಗೇ ಹೇಳುವುದು. ಮೇಲಿರುವವರಿಗೆ ಯಾರೂ ಹೇಳುವುದಿಲ್ಲ. ಹವಾಮಾನದ ವಿಷಯದಲ್ಲೂ ಅದೇ ಆಗಿದೆ. ಆಫ್ರಿಕಾ ಖಂಡದ ಎಲ್ಲ ದೇಶಗಳನ್ನು ಕೂಡಿಸಿದರೂ ಭೂಮಿಯನ್ನು ಬಿಸಿ ಮಾಡುವ ಜಗತ್ತಿನ ಹೊಗೆಯಲ್ಲಿ ಅವುಗಳ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಆದರೆ 2010ರಿಂದ 2020ರ ನಡುವೆ ನೆರೆ, ಬರ, ಬಿರುಗಾಳಿಗಳಿಂದ ಆದ ಸಾವಿನ ಪ್ರಮಾಣ ತೀರಾ ದುರ್ಬಲ ಪ್ರದೇಶಗಳಲ್ಲಿ ಗಟ್ಟಿಯಾಗಿರುವ ಪ್ರದೇಶಗಳಿಗಿಂತ 15 ಪಟ್ಟು ಇತ್ತು ಅಂತ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2022ರ ವರದಿ ಹೇಳುತ್ತದೆ. ಹೊಗೆ ಬಿಟ್ಟವರು ಒಬ್ಬರು, ಹೊಂದಿಕೊಳ್ಳಬೇಕಾದವರು ಇನ್ನೊಬ್ಬರು.

ಬಿಸಿಲಿನ ವಿಷಯಕ್ಕೆ ಬರೋಣ. ಚಂಡಮಾರುತ ಟಿವಿಯಲ್ಲಿ ಕಾಣುತ್ತದೆ. ಬಿಸಿಗಾಳಿ ಕಾಣುವುದಿಲ್ಲ. ಸತ್ತವರ ದಾಖಲೆಯಲ್ಲೂ ಹೃದಯಾಘಾತ ಅಂತಲೋ ವಯೋಸಹಜ ಅಂತಲೋ ಸೇರಿಹೋಗುತ್ತದೆ. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ 70,000ಕ್ಕೂ ಹೆಚ್ಚು ಜನ ಸತ್ತರು. ಆ ಲೆಕ್ಕ ಸಿಕ್ಕಿದ್ದು ಆಮೇಲೆ, ಹಿಂದಿನ ವರ್ಷಗಳ ಸಾವಿಗೆ ಹೋಲಿಸಿ ನೋಡಿದಾಗ. 1995ರ ಜುಲೈನಲ್ಲಿ ಶಿಕಾಗೊ ನಗರದಲ್ಲಿ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಬಿಸಿಲಿಗೆ ಸತ್ತರು. ಅದು ಶ್ರೀಮಂತ ದೇಶ. ನಗರದಲ್ಲಿ ತಂಪಾದ ಜಾಗಗಳಿಗೆ ಬರ ಇರಲಿಲ್ಲ. ಸತ್ತವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿದ್ದ ಮುದುಕರು. ಕಳ್ಳರ ಭಯಕ್ಕೆ ಕಿಟಕಿ ಮುಚ್ಚಿಕೊಂಡವರು, ಹೊರಗೆ ಹೋಗಲು ಹೆದರಿದವರು, ವಿಚಾರಿಸಲು ಯಾರೂ ಇಲ್ಲದವರು. ಬಾಗಿಲು ತೆರೆದೇ ಇತ್ತು ಅನ್ನುವ ಕಥೆ ಅಲ್ಲೂ ಅದೇ.

ಬಿಸಿಗಾಳಿಯ ಪೋಸ್ಟರುಗಳನ್ನು ನಾನೂ ಅನುವಾದ ಮಾಡಿದ್ದೇನೆ. 'ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ. ನೀರು ಜಾಸ್ತಿ ಕುಡಿಯಿರಿ.' ಸಲಹೆ ಸರಿಯಾಗಿಯೇ ಇದೆ. ಅಂಥ ಬಿಸಿಲಲ್ಲಿ ಮೈ ತಣ್ಣಗಾಗುವುದು ಮುಖ್ಯವಾಗಿ ಬೆವರು ಆರಿದಾಗ. ಬೆವರು ಬರಲು ನೀರು ಬೇಕು, ಆರಲು ಗಾಳಿ ಒಣಗಿರಬೇಕು. ರಾತ್ರಿಯಾದರೂ ಸೆಕೆ ಇಳಿಯದಿದ್ದರೆ ಹೃದಯಕ್ಕೆ ಬಿಡುವೇ ಇಲ್ಲ. ಎಲ್ಲ ನಿಜ. ಆದರೆ ದಿನಗೂಲಿಯವಳಿಗೆ ಮೂರು ಗಂಟೆ ಕೆಲಸ ಬಿಡಿ ಅಂದರೆ ಮೂರು ಗಂಟೆಯ ಕೂಲಿ ಬಿಡಿ ಅಂತ ಅರ್ಥ. ನೀರಿನ ವಿಷಯ ಇನ್ನೂ ವಿಚಿತ್ರ. ದಿನವಿಡೀ ಬಯಲಲ್ಲಿ ಕೆಲಸ ಮಾಡುವ ಎಷ್ಟೋ ಹೆಂಗಸರು ಬೇಕಂತಲೇ ನೀರು ಕಡಿಮೆ ಕುಡಿಯುತ್ತಾರೆ. ಹತ್ತಿರದಲ್ಲಿ ಶೌಚಾಲಯ ಇಲ್ಲ, ಅದಕ್ಕೆ. ಇದನ್ನು ತಿಳಿಯಲು ಅಧ್ಯಯನ ಬೇಕಿಲ್ಲ, ಒಬ್ಬ ಹೆಂಗಸನ್ನು ಕೇಳಿದರೆ ಸಾಕು. ಪೋಸ್ಟರ್ ಅಚ್ಚು ಹಾಕಿಸಿದ ಇಲಾಖೆ ಶೌಚಾಲಯ ಕಟ್ಟಿಸುವ ಇಲಾಖೆಯ ಜೊತೆ ಮಾತಾಡಿರುವುದಿಲ್ಲ. ಮೂತ್ರಕೋಶದ ಸೋಂಕು ಬಂದಾಗ ಅವಳು ಹೋಗುವುದು ಮೂರನೇ ಇಲಾಖೆಗೆ.

ಒಳ್ಳೆಯ ಕೆಲಸವೂ ಆಗಿದೆ, ಹೇಳಲೇಬೇಕು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಬಿಸಿಗಾಳಿಗೆ 1,300ಕ್ಕೂ ಹೆಚ್ಚು ಹೆಚ್ಚುವರಿ ಸಾವುಗಳಾದವು. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆ ತಂದಿತು. ಮುನ್ಸೂಚನೆ ಬಂದ ಕೂಡಲೇ ಆಸ್ಪತ್ರೆ, ಕುಡಿಯುವ ನೀರು, ಕಟ್ಟಡ ಕೆಲಸ ಎಲ್ಲ ಕಡೆಗೂ ಒಟ್ಟಿಗೆ ಸುದ್ದಿ ಹೋಗುವ ವ್ಯವಸ್ಥೆ ಅದು. ಹೆಂಗಸರ ಕಾರ್ಮಿಕ ಸಂಘಟನೆ 'ಸೇವಾ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬಿಸಿಲಿಗೇ ವಿಮೆ ಮಾಡಿಸಿತು. ತಾಪಮಾನ ಇಷ್ಟು ದಿನ ಇಷ್ಟು ಡಿಗ್ರಿ ದಾಟಿದರೆ ಹಣ ತಾನಾಗೇ ಖಾತೆಗೆ ಬರುತ್ತದೆ. ಅರ್ಜಿ ಬೇಡ, ಪ್ರಮಾಣಪತ್ರ ಬೇಡ, ಯಾರ ಮುಂದೆಯೂ ನಿಲ್ಲಬೇಕಿಲ್ಲ. 2024ರ ಬೇಸಿಗೆಯಲ್ಲಿ 46,000ಕ್ಕೂ ಹೆಚ್ಚು ಹೆಂಗಸರಿಗೆ ಹಣ ಬಂತು. ಬಂದ ಮೊತ್ತ ಚಿಕ್ಕದು, ಅದರಿಂದ ಬದುಕು ಬದಲಾಗುವುದಿಲ್ಲ. ಆದರೆ ಕೆಲಸ ಬಿಟ್ಟು ನೆರಳಿಗೆ ಹೋದರೆ ಕೂಲಿ ಹೋಗುತ್ತದೆ ಅನ್ನುವುದನ್ನು ಒಪ್ಪಿಕೊಂಡು ಶುರುವಾದ ಯೋಜನೆ ಅದು. ಬಹಳ ಯೋಜನೆಗಳು ಅಷ್ಟನ್ನೂ ಒಪ್ಪಿಕೊಂಡಿರುವುದಿಲ್ಲ.

ಕೇಳದೇ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೂ ಮತ್ತೆ ಬಾಂಗ್ಲಾದೇಶಕ್ಕೇ ಹೋಗಬೇಕು. 1960ರ ದಶಕದಲ್ಲಿ ಅಲ್ಲಿನ ನೈಋತ್ಯ ಕರಾವಳಿಯ ತಗ್ಗು ಜಮೀನುಗಳ ಸುತ್ತ ಉದ್ದಕ್ಕೂ ಮಣ್ಣಿನ ಏರಿ ಕಟ್ಟಿದರು. ಉಪ್ಪುನೀರು ಹೊರಗೆ, ಭತ್ತ ಒಳಗೆ. ಮೊದಲ ಕೆಲವು ವರ್ಷ ಬೆಳೆ ಚೆನ್ನಾಗೇ ಬಂತು. ಆದರೆ ದಿನಕ್ಕೆ ಎರಡು ಸಲ ಉಬ್ಬರದ ಜೊತೆ ಬರುವ ಹೂಳು ಮೊದಲು ಹೊಲಗಳ ಮೇಲೆ ಹರಡುತ್ತಿತ್ತು. ಏರಿ ಬಂದ ಮೇಲೆ ಅದು ನದಿಯೊಳಗೇ ಕೂರತೊಡಗಿತು. ನದಿ ಮೇಲೆದ್ದಿತು, ಹೊಲ ಕೆಳಗುಳಿಯಿತು. 1980ರ ದಶಕದ ಹೊತ್ತಿಗೆ ಮಳೆನೀರು ಹೊರಹೋಗಲು ದಾರಿಯೇ ಇಲ್ಲ. ಕೆಲವು ಕಡೆ ಹೊಲ, ಮನೆ, ಶಾಲೆ ವರ್ಷಗಟ್ಟಲೆ ನೀರಿನಲ್ಲಿ ನಿಂತವು.

ನೀರು ಹೇಗೆ ಹರಿಯುತ್ತದೆ ಅಂತ ಅಲ್ಲಿನ ರೈತರಿಗೆ ತಲೆಮಾರುಗಳಿಂದ ಗೊತ್ತಿತ್ತು. ಏರಿ ಕಡಿಯಲು ಬಿಡಿ ಅಂತ ಕೇಳಿದರು. ಅಧಿಕಾರಿಗಳು ಒಪ್ಪಲಿಲ್ಲ. 1990ರಲ್ಲಿ ಬೀಲ್ ಡಾಕಾತಿಯಾ ಎಂಬಲ್ಲಿ ಜನರೇ ಗುದ್ದಲಿ ಹಿಡಿದು ಏರಿ ಒಡೆದರು. 1997ರಲ್ಲಿ ಬೀಲ್ ಭೈನಾದಲ್ಲೂ ಒಡೆದರು. ಉಬ್ಬರದ ನೀರು ಒಳಗೆ ಬಂತು, ಹೂಳು ಬಿಟ್ಟು ಹೋಯ್ತು. ಕೆಲವೇ ವರ್ಷಗಳಲ್ಲಿ ಭೈನಾದ ನೆಲ ಎತ್ತರವಾಯ್ತು, ನದಿ ಮತ್ತೆ ಆಳವಾಯ್ತು. ಏರಿ ಕಡಿಯುವುದು ಅಪರಾಧ ಅನ್ನುತ್ತಿದ್ದ ಸರ್ಕಾರವೇ ಆಮೇಲೆ ಅದಕ್ಕೆ 'ಉಬ್ಬರದ ನದಿ ನಿರ್ವಹಣೆ' ಅಂತ ಹೆಸರಿಟ್ಟು ತನ್ನ ಯೋಜನೆಗೆ ಸೇರಿಸಿಕೊಂಡಿತು. ಕಥೆ ಇಲ್ಲಿಗೇ ಸುಖಾಂತ್ಯ ಅಂದುಕೊಳ್ಳಬೇಡಿ. ಹೂಳು ತುಂಬುವ ಆ ವರ್ಷಗಳಲ್ಲಿ ಯಾರ ಜಮೀನು ನೀರಿನಡಿ ಇರುತ್ತದೋ ಅವರಿಗೆ ಬೆಳೆ ಇಲ್ಲ. ಪರಿಹಾರ ಸರಿಯಾಗಿ ಸಿಗದೆ ಮುಂದೆ ಜಗಳಗಳಾದವು. ಗೇಣಿದಾರರ ಪಾಡು ಕೇಳಲೇಬೇಡಿ. ಪರಿಹಾರದ ಹಣ ಜಮೀನಿನ ಪತ್ರ ಇರುವ ಒಡೆಯನಿಗೆ ಹೋಗುತ್ತದೆ, ಉಳುವವನಿಗೆ ಹೋಗುವುದಿಲ್ಲ.

ಈ 'ಪತ್ರ ಯಾರ ಹೆಸರಲ್ಲಿದೆ' ಅನ್ನುವುದು ನಿಮ್ಮ ಯೋಜನೆಗಳಲ್ಲಿ ಅಡಿಟಿಪ್ಪಣಿಯಷ್ಟೇ ಜಾಗ ಪಡೆಯುತ್ತದೆ. ನನ್ನ ಪ್ರಕಾರ ಅದು ಮೊದಲ ಪುಟದಲ್ಲಿರಬೇಕು. ಯಾಕೆ ಅಂತ ಹೇಳುತ್ತೇನೆ.

ಬುರ್ಕಿನಾ ಫಾಸೊ ದೇಶದಲ್ಲಿ ಯಾಕೂಬಾ ಸಾವಾಡೊಗೊ ಎಂಬ ರೈತ ಇದ್ದರು. 1980ರ ದಶಕದ ಆರಂಭದ ಭೀಕರ ಬರದಲ್ಲಿ ಅಕ್ಕಪಕ್ಕದವರು ಊರು ಬಿಟ್ಟು ಹೋಗುತ್ತಿದ್ದಾಗ ಇವರು ಗಟ್ಟಿನೆಲದಲ್ಲಿ ಗುಂಡಿ ತೋಡುತ್ತ ಕೂತರು. 'ಜಾಯಿ' ಅಂತ ಆ ಗುಂಡಿಗೆ ಹೆಸರು, ಅಲ್ಲಿನ ಹಳೇ ಪದ್ಧತಿ. ಗೇಣು, ಗೇಣೂವರೆ ಅಗಲ, ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ ಆಳ. ಇವರು ಅದನ್ನು ಇನ್ನಷ್ಟು ಅಗಲ, ಆಳ ಮಾಡಿದರು. ಒಳಗೆ ಗೊಬ್ಬರ ತುಂಬಿದರು. ಮಳೆಗೆ ಕಾಯದೆ ಬೇಸಿಗೆಯಲ್ಲೇ ತೋಡಿದರು. ಗೊಬ್ಬರದ ವಾಸನೆಗೆ ಗೆದ್ದಲು ಬಂತು, ಗೆದ್ದಲು ಕೊರೆದ ದಾರಿಯಲ್ಲಿ ಮೊದಲ ಮಳೆಯ ನೀರು ನೆಲದೊಳಗೆ ಇಳಿಯಿತು. ನೀರು ಹರಿದು ಹೋಗದ ಹಾಗೆ ಕಲ್ಲಿನ ಸಾಲು ಇಟ್ಟರು. ಜನ ಹುಚ್ಚ ಅಂದರು. ಹೊಲದಲ್ಲಿ ಜೋಳದ ಜೊತೆ ಮರಗಳೂ ಎದ್ದು, ಬೋಳು ನೆಲ ಕಾಡಾಯ್ತು. 2018ರಲ್ಲಿ ಅವರಿಗೆ 'ಪರ್ಯಾಯ ನೊಬೆಲ್' ಅಂತ ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅಷ್ಟರಲ್ಲಿ ಪಕ್ಕದ ಪಟ್ಟಣ ಬೆಳೆದು ಅವರ ಕಾಡಿನ ಒಳಗೇ ಸೈಟುಗಳನ್ನು ಗುರುತು ಮಾಡಿಯಾಗಿತ್ತು. ಇಷ್ಟು ವರ್ಷ ದುಡಿದ ಆ ನೆಲದ ಮೇಲೆ ಕಾಗದದ ಹಕ್ಕು ಅವರದಾಗಿರಲಿಲ್ಲ. 2023ರ ಡಿಸೆಂಬರಿನಲ್ಲಿ ತೀರಿಕೊಂಡರು.

ಪಕ್ಕದ ನೈಜರ್ ದೇಶದಲ್ಲಿ ಇದಕ್ಕೆ ತದ್ವಿರುದ್ಧ ಆಯ್ತು. ಹಿಂದೆ ಅಲ್ಲಿ ಹೊಲದಲ್ಲಿ ಬೆಳೆದ ಮರವೂ ಸರ್ಕಾರದ್ದು. ಹಾಗಿದ್ದರೆ ರೈತ ಯಾಕೆ ಸಸಿ ಉಳಿಸುತ್ತಾನೆ? ಚಿಗುರಿದ್ದನ್ನು ಕಿತ್ತು ಬಿಸಾಡುತ್ತಿದ್ದ. 1980ರ ದಶಕದಿಂದ ಆ ಬಿಗಿ ಸಡಿಲವಾಯ್ತು, ಮರ ತನ್ನದು ಅನ್ನುವ ಧೈರ್ಯ ಬಂತು. ರೈತರು ಒಂದು ಸಸಿಯನ್ನೂ ಹೊರಗಿನಿಂದ ತರಲಿಲ್ಲ. ಹಳೇ ಬೇರುಗಳಿಂದ ತಾನಾಗಿ ಚಿಗುರಿದ್ದನ್ನು ಉಳಿಸಿಕೊಂಡರು, ಸವರಿ ಬೆಳೆಸಿದರು. ಸುಮಾರು 50 ಲಕ್ಷ ಹೆಕ್ಟೇರ್ ಹಸಿರಾಯ್ತು. ಇದರ ಎದುರು ಸಸಿ ನೆಡುವ ಉತ್ಸವಗಳ ಫೋಟೊಗಳನ್ನು ಇಟ್ಟು ನೋಡಿ.

ಈಗ ಹಣ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅಂಕಿಗಳು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೊಡುತ್ತೇವೆ ಅಂದವು. ಅದು ತುಂಬಿದ್ದು 2022ರಲ್ಲಿ. 2024ರಲ್ಲಿ ಬಾಕುವಿನ ಸಮ್ಮೇಳನದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಅಂದಿದ್ದಾರೆ. ಅದರಲ್ಲಿ ಹೊಗೆ ತಗ್ಗಿಸುವ ಕೆಲಸವೂ ಸೇರಿದೆ. ಬಡ ದೇಶಗಳ ಹೊಂದಾಣಿಕೆಯ ಕೆಲಸಕ್ಕೇ 2035ರ ಹೊತ್ತಿಗೆ ವರ್ಷಕ್ಕೆ 31,000 ಕೋಟಿ ಡಾಲರಿಗೆ ಕಡಿಮೆ ಇಲ್ಲದೆ ಬೇಕು ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2025ರ ವರದಿ ಹೇಳುತ್ತದೆ. 2023ರಲ್ಲಿ ಇದಕ್ಕಾಗಿ ಸರ್ಕಾರಿ ಮೂಲಗಳಿಂದ ಆ ದೇಶಗಳಿಗೆ ಹೋದದ್ದು ಸುಮಾರು 2,600 ಕೋಟಿ. ಬೇಕಿರುವುದು ಅದರ ಹನ್ನೆರಡು ಪಟ್ಟು.

ಕೊಟ್ಟಿದ್ದರಲ್ಲೂ ದೊಡ್ಡ ಪಾಲು ಸಾಲ. 2022ರಲ್ಲಿ ಪಾಕಿಸ್ತಾನದಲ್ಲಿ ನೆರೆ ಬಂದು 1,700ಕ್ಕೂ ಹೆಚ್ಚು ಜನ ಸತ್ತರು, 3.3 ಕೋಟಿ ಜನರ ಬದುಕು ಮುಳುಗಿತು. ಜಗತ್ತಿನ ಹೊಗೆಯಲ್ಲಿ ಆ ದೇಶದ ಪಾಲು ನೂರಕ್ಕೆ ಒಂದೂ ಇಲ್ಲ. 2023ರ ಜನವರಿಯಲ್ಲಿ ಹಲವು ದೇಶಗಳು, ಸಂಸ್ಥೆಗಳು ಜಿನೀವಾದಲ್ಲಿ ಸೇರಿ 900 ಕೋಟಿ ಡಾಲರಿಗೂ ಹೆಚ್ಚು ನೆರವು ಘೋಷಿಸಿದವು. ಅದರಲ್ಲಿ ಬಹುಪಾಲು ಸಾಲ ಅಂತ ಅಲ್ಲಿನ ಹಣಕಾಸು ಮಂತ್ರಿಯೇ ಆಮೇಲೆ ಹೇಳಿದರು. ಒಬ್ಬರ ಮನೆಗೆ ಬೆಂಕಿ ಬೀಳಲು ಕಾರಣವಾದವನು ಬಂದು, ಮನೆ ಕಟ್ಟಿಕೊಳ್ಳಿ, ಬಡ್ಡಿ ಕಡಿಮೆ ಹಾಕ್ತೀನಿ ಅಂದರೆ ಅದನ್ನು ನೆರವು ಅಂತ ಅನುವಾದಿಸಲು ನನಗೆ ಕೈ ಬರುವುದಿಲ್ಲ.

ಎಷ್ಟು ಅನ್ನುವುದರ ಜೊತೆ ಯಾವಾಗ ಅನ್ನುವುದೂ ಮುಖ್ಯ. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿಯಲ್ಲಿ ದೊಡ್ಡ ನೆರೆ ಬರುವ ಮುನ್ಸೂಚನೆ ಸಿಕ್ಕಿತು. ವಿಶ್ವಸಂಸ್ಥೆಯ ತುರ್ತು ನಿಧಿ ನೆರೆಗೆ ಕಾಯಲಿಲ್ಲ. ಇಂಥ ಮಟ್ಟ ದಾಟುವ ಸೂಚನೆ ಬಂದರೆ ಹಣ ಬಿಡುವುದು ಅಂತ ಮೊದಲೇ ಬರೆದಿಟ್ಟುಕೊಂಡಿದ್ದರು. ಸೂಚನೆ ಬಂದ ಕೆಲವೇ ಗಂಟೆಗಳಲ್ಲಿ 52 ಲಕ್ಷ ಡಾಲರ್ ಬಿಡುಗಡೆಯಾಯ್ತು. ಕುಟುಂಬಗಳ ಫೋನಿಗೇ ಹಣ ಬಂತು. ಆ ಎರಡು ಮೂರು ದಿನಗಳಲ್ಲಿ ಆ ಹಣದಿಂದ ಏನು ಮಾಡಬಹುದು ನೋಡಿ. ಅಕ್ಕಿ, ಬೇಳೆ ತಂದು ಅಟ್ಟಕ್ಕೇರಿಸಬಹುದು. ದೋಣಿಯವನಿಗೆ ಕೊಟ್ಟು ಹಸುವನ್ನು ಎತ್ತರದ ಜಾಗಕ್ಕೆ ಸಾಗಿಸಬಹುದು. ಅಜ್ಜಿಯನ್ನು ನೆಂಟರ ಮನೆಗೆ ಕಳಿಸಬಹುದು. ಅದೇ ಹಣ ನೆರೆ ಇಳಿದು ತಿಂಗಳ ಮೇಲೆ ಬಂದರೆ ಅಷ್ಟರಲ್ಲಿ ಹಸುವನ್ನು ಅರ್ಧ ಬೆಲೆಗೆ ಮಾರಿಯಾಗಿರುತ್ತದೆ. ಬಡ್ಡಿಯವನ ಹತ್ತಿರ ಸಾಲ ಮಾಡಿಯಾಗಿರುತ್ತದೆ. ಮಗಳ ಶಾಲೆ ಬಿಡಿಸಿಯಾಗಿರುತ್ತದೆ. ಆಮೇಲೆ ನಡೆದ ಅಧ್ಯಯನದಲ್ಲಿ, ಮುಂಚೆಯೇ ಹಣ ಸಿಕ್ಕ ಮನೆಗಳು ನೆರೆಯ ಕಾಲದಲ್ಲಿ ದಿನವಿಡೀ ಉಪವಾಸ ಬೀಳುವುದು ಕಡಿಮೆಯಾಗಿತ್ತು ಅಂತ ಕಂಡುಬಂತು.

ಒಂದು ಮಾತು ನಿಮ್ಮ ಪರವಾಗಿಯೂ ಹೇಳುತ್ತೇನೆ. ಮುನ್ಸೂಚನೆ ನಂಬಿ ಹಣ ಬಿಟ್ಟು, ನೆರೆ ಬಾರದೇ ಹೋದರೆ ಆಡಿಟ್‌ನವರು ಕೂರಿಸಿ ಕೇಳುತ್ತಾರೆ. ನೆರೆ ಬಂದು ಹಣ ತಡವಾದರೆ ಯಾರೂ ಕೇಳುವುದಿಲ್ಲ. ಹೀಗಿದ್ದಾಗ ಯಾವ ಅಧಿಕಾರಿ ತಾನೇ ಮುಂದೆ ಬರುತ್ತಾನೆ? ಆ ನಿಯಮ ಬದಲಾಗದೆ ಒಳ್ಳೆಯ ಮನಸ್ಸಿನವರಿಂದಲೂ ಏನೂ ಆಗುವುದಿಲ್ಲ. ದಯವಿಟ್ಟು ಅದನ್ನು ಬದಲಿಸಿ.

ಇನ್ನು ತೀರ್ಮಾನ ಯಾರದು? 2003ರಿಂದ 2016ರವರೆಗೆ ಜಾಗತಿಕ ಹವಾಮಾನ ನಿಧಿಗಳಿಂದ ಹೊರಟ ಹಣದಲ್ಲಿ ಸ್ಥಳೀಯ ಮಟ್ಟದ ಕೆಲಸಕ್ಕೆ ಅಂತ ಮೀಸಲಾದದ್ದು ಶೇ. 10ಕ್ಕಿಂತ ಕಡಿಮೆ ಅಂತ ಒಂದು ಅಂದಾಜಿದೆ. ಕೀನ್ಯಾದ ಇಸಿಯೊಲೊ ಎಂಬ ಒಣ ಜಿಲ್ಲೆಯಲ್ಲಿ ಬೇರೆ ಥರ ಮಾಡಿ ನೋಡಿದರು. ಹವಾಮಾನ ನಿಧಿಯ ನೂರರಲ್ಲಿ ಎಪ್ಪತ್ತು ಭಾಗವನ್ನು ಯಾವುದಕ್ಕೆ ಹಾಕಬೇಕು ಅಂತ ವಾರ್ಡ್ ಮಟ್ಟದ ಸಮಿತಿಗಳೇ ತೀರ್ಮಾನಿಸುವುದು. ದನ ಮೇಯಿಸುವ ಜನ ಕೇಳಿದ್ದು ಏನು? ನೀರಿನ ತಾಣಗಳನ್ನು ಸರಿ ಮಾಡಿ, ಯಾವ ಹುಲ್ಲುಗಾವಲನ್ನು ಯಾವಾಗ ಮುಚ್ಚಬೇಕು ಅಂತ ಹೇಳುವ ನಮ್ಮ ಹಿರಿಯರ ಸಮಿತಿಗಳಿಗೆ ಬಲ ಕೊಡಿ. ಹೊರಗಿನ ತಜ್ಞರಿಗೆ ಎರಡನೆಯದು ತೋಚುವುದು ಕಷ್ಟ. ಅದರಲ್ಲಿ ಉದ್ಘಾಟನೆ ಮಾಡಲು ಏನೂ ಇಲ್ಲವಲ್ಲ.

ಸ್ಥಳೀಯರು ಅಂದ ಕೂಡಲೇ ಎಲ್ಲರೂ ಸಮ ಅಂತಲೂ ಅಲ್ಲ, ಅದು ನನಗೆ ಗೊತ್ತು. ಯಾವ ಊರಿನ ಸಮಿತಿಯಲ್ಲೂ ಜಾಸ್ತಿ ಜಮೀನಿದ್ದವನ ದನಿ ಜಾಸ್ತಿ. ವಿಧವೆ, ವಲಸೆ ಬಂದವನು, ಕಣ್ಣು ಕಾಣದವನು ಸಭೆಗೇ ಬಂದಿರುವುದಿಲ್ಲ. ಅದಕ್ಕೇ ಪದೇ ಪದೇ ಕೇಳುತ್ತಿರುವುದು, ಬಾರದವರು ಯಾರು?

ಎಷ್ಟು ಸಜ್ಜಾದರೂ ಕೆಲವು ಕಡೆ ಸಾಕಾಗುವುದಿಲ್ಲ. ಫಿಜಿಯ ವುನಿಡೊಗೊಲೊವಾ ಎಂಬ ಹಳ್ಳಿ ಸಮುದ್ರ ಒಳನುಗ್ಗಿದ್ದಕ್ಕೆ 2014ರಲ್ಲಿ ಸುಮಾರು ಎರಡು ಕಿಲೋಮೀಟರ್ ಒಳಗೆ, ಎತ್ತರಕ್ಕೆ ಎದ್ದು ಹೋಯ್ತು. ಸ್ಥಳಾಂತರ ಬೇಕು ಅಂತ ಎಷ್ಟೋ ವರ್ಷ ಮೊದಲೇ ಸರ್ಕಾರವನ್ನು ಕೇಳಿದ್ದು ಹಳ್ಳಿಯವರೇ. ಆದರೂ ಹಿರಿಯರ ಸಮಾಧಿಗಳನ್ನು ಬಿಟ್ಟು ಹೋಗುವ ಸಂಕಟ ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ. 2024ರಲ್ಲಿ ಜಗತ್ತಿನ ಸರಾಸರಿ ತಾಪಮಾನ ಕೈಗಾರಿಕೆಗಳಿಗೆ ಮುಂಚಿನ ಕಾಲಕ್ಕಿಂತ 1.5 ಡಿಗ್ರಿ ದಾಟಿದ ಮೊದಲ ವರ್ಷವಾಯ್ತು. ಹೊಗೆ ನಿಲ್ಲಿಸದೆ ಹೊಂದ್ಕೊಳ್ಳಿ ಹೊಂದ್ಕೊಳ್ಳಿ ಅನ್ನುತ್ತ ಹೋದರೆ ಇಂಥ ಹಳ್ಳಿಗಳ ಪಟ್ಟಿ ಬೆಳೆಯುತ್ತದೆ. ಆ ಪಟ್ಟಿಯನ್ನು ಅನುವಾದ ಮಾಡಲು ನನಗೆ ಇಷ್ಟವಿಲ್ಲ.

ಎಲ್ಲರಿಗೂ 2027ರೊಳಗೆ ಮುನ್ನೆಚ್ಚರಿಕೆ ತಲುಪಬೇಕು ಅಂತ ವಿಶ್ವಸಂಸ್ಥೆ 2022ರಲ್ಲಿ ಗುರಿ ಇಟ್ಟಿತು. ಒಳ್ಳೆಯ ಗುರಿ. ಆದರೆ ತಲುಪಿದ್ದು ಅಂದರೆ ಏನು ಅಂತ ಈಗಲೇ ಬರೆದಿಡಿ. ಎಸ್ಸೆಮ್ಮೆಸ್ ಹೋದರೆ ತಲುಪಿದ ಹಾಗಾ, ಅಥವಾ ಅವಳು ಮಗು, ಹಸು, ಅತ್ತೆಯ ಜೊತೆ ಹೊರಟು ಸುರಕ್ಷಿತ ಜಾಗ ಸೇರಿದರೆ ತಲುಪಿದ ಹಾಗಾ?

ಅದಕ್ಕೇ ನನ್ನದೊಂದು ಚಿಕ್ಕ ಬೇಡಿಕೆ. ನಿಮ್ಮ ವರದಿಯ ನಮೂನೆಯಲ್ಲಿ ಇನ್ನೊಂದು ಕಾಲಂ ಹಾಕಿ. 'ಬಾರದವರು ಎಷ್ಟು, ಯಾಕೆ?' ಉತ್ತರ ಅವರ ಬಾಯಿಂದಲೇ ಬರಲಿ, ಅವರ ಮಾತಿನಲ್ಲೇ ಇರಲಿ, ತಿದ್ದಲು ಹೋಗಬೇಡಿ. ಮುಂದಿನ ಕಂತಿನ ಹಣ ಆ ಕಾಲಂ ನೋಡಿ ಬಿಡುಗಡೆಯಾಗಲಿ. ಅದಿಲ್ಲದ ವರದಿ ನನ್ನ ಮೇಜಿಗೆ ಬಂದರೆ ಅನುವಾದ ಮಾಡದೆ ವಾಪಸ್ ಕಳಿಸುತ್ತೇನೆ. ಮೇಲೆ ಪೆನ್ಸಿಲಿನಲ್ಲಿ 'ಅಪೂರ್ಣ' ಅಂತ ಬರೆದಿರುತ್ತೇನೆ, ಬೇಜಾರು ಮಾಡ್ಕೋಬೇಡಿ.

ಇಂತಿ,
ನಿಮ್ಮ ವರದಿಗಳನ್ನು ಕೊನೆಯ ಪುಟದವರೆಗೂ ಓದುವವಳು